ನೆರಳೋ, ತೂತೋ: ಇಂಪ್ಲಾಂಟ್ ಪ್ರಾಜೆಕ್ಟ್, ಐದನೇ ವಾರ

ಕಳೆದ ವಾರ ನಿಲ್ಲಿಸಿದಾಗ ನನ್ನ ಪ್ರೋಗ್ರಾಂ, ಮೂಳೆ ಗಟ್ಟಿಯಾಗಿರುವ ಕಡೆಯೇ 2.4 ಮಿ.ಮೀ. ಸವೆದಿದೆ ಅಂತ ಹಟ ಹಿಡಿದಿತ್ತು. ಈ ವಾರ ಕಾರಣ ಸಿಕ್ಕಿತು. ಆದರೆ ಸಿಕ್ಕ ದಾರಿ ಹೇಳಿಕೊಳ್ಳುವಂಥದ್ದಲ್ಲ.

ಹೊಸದಾಗಿ ಓದುವವರಿಗೆ ಎರಡು ಮಾತು. ಹಲ್ಲು ಹೋದ ಕಡೆ ದವಡೆ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂ, ಅದೇ ಇಂಪ್ಲಾಂಟ್. ಒಸಡಿನ ಸೋಂಕು ಒಳಗಿಳಿದರೆ ಸುತ್ತಲಿನ ಮೂಳೆ ಬಟ್ಟಲಿನ ಹಾಗೆ ಕರಗುತ್ತಾ ಹೋಗುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ. ಮಾಮೂಲಿ ಚಿಕ್ಕ ಎಕ್ಸ್‌ರೇಯಲ್ಲಿ ಅಕ್ಕಪಕ್ಕದ ಹಲ್ಲುಗಳ ಕಡೆಯ ಮೂಳೆ ಚೆನ್ನಾಗಿ ಕಾಣುತ್ತದೆ. ಕೆನ್ನೆ ಕಡೆಯದ್ದೂ ನಾಲಿಗೆ ಕಡೆಯದ್ದೂ ಸ್ಕ್ರೂವಿನ ಮರೆಗೆ ಸರಿದುಬಿಡುತ್ತದೆ. ಅದನ್ನು ನೋಡಬೇಕಾದರೆ ತಲೆಯ ಸುತ್ತ ತಿರುಗಿ ಚಿತ್ರ ತೆಗೆಯುವ ಸಿಬಿಸಿಟಿ ಬೇಕು. ಆ ಸ್ಕ್ಯಾನ್‌ನಿಂದ ಸುತ್ತಲಿನ ಮೂಳೆಯ ಎತ್ತರವನ್ನು ತಾನಾಗಿ ಅಳೆಯುವ ಪ್ರೋಗ್ರಾಂ ಬರೆಯುವುದು ನನ್ನ ಹುಚ್ಚು.

ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯುವವನು. ಹಲ್ಲಿನ ಡಾಕ್ಟರ್ ಆಗಿರುವ ಗೆಳತಿಯೊಬ್ಬಳು ಒಣಗಿದ ಹಂದಿ ದವಡೆಯಲ್ಲಿ ಸಾಲಾಗಿ ನಾಲ್ಕು ಸ್ಕ್ರೂ ಕೂರಿಸಿಕೊಟ್ಟಿದ್ದಾಳೆ. ಒಂದೊಂದರ ನಡುವೆ ಸುಮಾರು 10 ಮಿ.ಮೀ. ಅಂತರ. ಮೊದಲನೆಯದರ ಕೆನ್ನೆ ಕಡೆ 3 ಮಿ.ಮೀ. ಆಳಕ್ಕೆ ಬರ್‌ನಿಂದ ಕೊರೆದಿದ್ದೇವೆ, ಎರಡನೆಯದಕ್ಕೆ 1 ಮಿ.ಮೀ. ಕೊನೆಯದನ್ನು ಮುಟ್ಟಿಲ್ಲ. ಸವೆದಿದೆ ಅಂತ ಪ್ರೋಗ್ರಾಂ ಹೇಳಿದ್ದು ಈ ಕೊನೆಯದಕ್ಕೇ, ಅದೂ ಪಕ್ಕದ ಸ್ಕ್ರೂ ಇರುವ ಕಡೆಗೆ.

ಲೋಹದ ನೆರಳಿರಬಹುದು ಅನ್ನಿಸಿತು. ಎಕ್ಸ್‌ರೇಯಲ್ಲಿ ಬೇರೆ ಬೇರೆ ಶಕ್ತಿಯ ಕಿರಣಗಳು ಕಲೆತಿರುತ್ತವೆ. ಲೋಹ ದಾಟುವಾಗ ಕಡಿಮೆ ಶಕ್ತಿಯವು ಜಾಸ್ತಿ ಸೋಸಿಹೋಗುತ್ತವೆ, ಬಲವಾದವೇ ಹೆಚ್ಚಾಗಿ ಆಚೆ ಬರುತ್ತವೆ. ಚಿತ್ರ ಕಟ್ಟುವ ಲೆಕ್ಕಕ್ಕೆ ಇದು ತಿಳಿಯದೆ, ಎರಡು ಸ್ಕ್ರೂ ಒಂದೇ ಗೆರೆಗೆ ಬಂದಾಗ ನಡುವೆ ಕಪ್ಪು ಪಟ್ಟಿ ಬೀಳುತ್ತದೆ. ಮೂಳೆ ಇಲ್ಲದ ಜಾಗವೂ ಕಪ್ಪೇ. ಪ್ರೋಗ್ರಾಂಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಪರೀಕ್ಷೆ ಮಾಡೋಣ ಅಂತ ದವಡೆಯನ್ನು ಮೇಜಿನ ಮೇಲೆ 90 ಡಿಗ್ರಿ ತಿರುಗಿಸಿ ಮತ್ತೆ ಸ್ಕ್ಯಾನ್ ಮಾಡಿಸಿದೆ. ಏನೂ ಬದಲಾಗಲಿಲ್ಲ. ನೆರಳಲ್ಲ ಅಂತ ತೀರ್ಮಾನಿಸಿ ಎರಡು ದಿನ ಕೋಡ್ ಕೆದಕಿದೆ. ಆಮೇಲೆ ಗೆಳತಿ ಕೇಳಿದಳು, "ಮೆಷಿನ್ ಹೇಗೂ ಸುತ್ತ ತಿರುಗುತ್ತೆ ಅಲ್ವಾ, ನೀನು ಸುಮ್ನೆ ಯಾಕೆ ದವಡೆ ತಿರುಗಿಸಿದೆ?" ಇಷ್ಟು ಹೊಳೆಯಬೇಡವಾ ನನಗೆ! ತಿರುಗಿಸುವುದಲ್ಲ, ವಾಲಿಸಬೇಕಿತ್ತು.

ಕೊನೆಯ ಸ್ಕ್ರೂ ಇರುವ ತುದಿಯ ಕೆಳಗೆ ಮೇಣದ ತುಂಡು ಕೊಟ್ಟು 20 ಡಿಗ್ರಿ ಎತ್ತಿದೆವು. ಈಗ ಪಕ್ಕದ ಸ್ಕ್ರೂವಿನ ತಲೆ ಮೂರು ಮಿ.ಮೀ.ಗಿಂತ ಜಾಸ್ತಿ ಕೆಳಗೆ. ಕೊನೆಯದರ ಕುತ್ತಿಗೆಯ ಮಟ್ಟದ ಸ್ಲೈಸ್‌ನಲ್ಲಿ ಎರಡನೇ ಲೋಹವೇ ಇಲ್ಲ. ಸುಳ್ಳು ತೂತು ಮಾಯ. ಮೊದಲನೆಯದರ ನಿಜವಾದ ತೂತು ಮಾತ್ರ ಇದ್ದಲ್ಲೇ ಇತ್ತು, 2.8 ಮಿ.ಮೀ. ಅಂತ ಅಳತೆ ಬಂತು. ವಾಕ್ಸೆಲ್ (ಸ್ಕ್ಯಾನ್ ಚಿತ್ರದ ಅತಿ ಚಿಕ್ಕ ಘನ ಚುಕ್ಕಿ) 0.2 ಮಿ.ಮೀ. ಇರುವಾಗ ಅದು ಸಾಕು. 1 ಮಿ.ಮೀ.ದು ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ಲೋಹದ ಅಂಚು ಉಬ್ಬಿ ಕಾಣುವುದರಿಂದ ಸ್ಕ್ರೂಗೆ ಅಂಟಿಕೊಂಡ ಅರ್ಧ ಮಿ.ಮೀ.ಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಇಕ್ಕಟ್ಟಾದ ಸಂದು ಅಲ್ಲೇ ಕಳೆದುಹೋಗುತ್ತದೆ.

ಹಾಗಂತ ರೋಗಿಯನ್ನು ವಾಲಿಸಿ ವಾಲಿಸಿ ಎರಡೆರಡು ಸ್ಕ್ಯಾನ್ ಮಾಡಲಾಗದು. ಒಂದು ಸಿಬಿಸಿಟಿಯೇ ಚಿಕ್ಕ ಎಕ್ಸ್‌ರೇಗಿಂತ ಎಷ್ಟೋ ಪಾಲು ಜಾಸ್ತಿ ವಿಕಿರಣ. ಆದ್ದರಿಂದ ಕೋಡ್‌ನಲ್ಲೇ ದಾರಿ ಹುಡುಕಿದೆ. ಸ್ಕ್ರೂವಿನ ಸುತ್ತ ಹತ್ತು ಡಿಗ್ರಿಗೊಂದರಂತೆ 36 ಸ್ಲೈಸ್ ತೆಗೆಯುತ್ತೇನೆ. ಪಕ್ಕದ ಲೋಹಕ್ಕೆ ಮುಖ ಮಾಡಿರುವ ಸ್ಲೈಸ್‌ಗಳಿಗೆ ಇನ್ನು ಮೇಲೆ ಅಂಕಿ ಕೊಡುವುದಿಲ್ಲ, "ನಂಬಬೇಡಿ" ಅಂತ ಬೂದು ಬಣ್ಣ ಬಳಿಯುತ್ತದೆ.

ಮೊದಲು ಬೇಜಾರಾಯಿತು, ಅರ್ಧ ಕೆಲಸ ಕೈಬಿಟ್ಟ ಹಾಗೆ. ಚಿತ್ರ ನೋಡುತ್ತಾ ಕೂತಾಗ ಹೊಳೆಯಿತು: ಬೂದು ಬಿದ್ದದ್ದು ಅಕ್ಕಪಕ್ಕದ ಕಡೆಗೆ. ಚಿಕ್ಕ ಎಕ್ಸ್‌ರೇ ಚೆನ್ನಾಗಿ ತೋರಿಸುವುದು ಅದೇ ಎರಡು ಕಡೆಗಳನ್ನು, ಅದೂ ಇದಕ್ಕಿಂತ ಸ್ಪಷ್ಟವಾಗಿ! ಹಾಗಾಗಿ ಈಗ ಆ ಎರಡು ಅಳತೆಯನ್ನು ಎಕ್ಸ್‌ರೇಯಿಂದ ಕೈಯಾರೆ ತುಂಬಲು ಖಾನೆ ಇಟ್ಟಿದ್ದೇನೆ.

ಒಸಡಿನಲ್ಲಿ ರಕ್ತ, ಕೀವು ಇದೆಯಾ, ಒಸಡಿನ ಸಂದಿನ ಆಳ ಅಳೆಯುವ ಕಡ್ಡಿ (ಪ್ರೋಬ್) ಎಷ್ಟು ಆಳ ಇಳಿಯುತ್ತದೆ ಅನ್ನುವುದಕ್ಕೂ ಖಾನೆ ಬೇಕು ಅಂತ ಗೆಳತಿಯ ಪಟ್ಟು. ಚಿತ್ರವೊಂದನ್ನೇ ನೋಡಿ ಕಾಯಿಲೆ ಅನ್ನುವ ಹಾಗಿಲ್ಲವಂತೆ. ಸರಿ, ಅದನ್ನೂ ಹಾಕುತ್ತೇನೆ.

ಮುಂದಿನ ವಾರ ಕೊನೆಯ ಸ್ಕ್ರೂ ಮೇಲೆ ಜಿರ್ಕೋನಿಯಾ (ಜಿರ್ಕೋನಿಯಂನ ಆಕ್ಸೈಡ್) ಕ್ಯಾಪ್. ಟೈಟಾನಿಯಂನ ಪರಮಾಣು ಸಂಖ್ಯೆ 22, ಜಿರ್ಕೋನಿಯಂನದು 40. ಈ ಸಂಖ್ಯೆ ಏರಿದಷ್ಟೂ ವಸ್ತು ಎಕ್ಸ್‌ರೇಯನ್ನು ಹೆಚ್ಚು ತಡೆಯುತ್ತದೆ, ಹಾಗಾಗಿ ನೆರಳು ಇನ್ನೂ ಗಾಢ. ನನ್ನ ಬೂದು ಪಟ್ಟಿ ಎಷ್ಟು ಅಗಲ ಆಗುತ್ತದೋ ನೋಡಬೇಕು.