ಹದಿನೆಂಟು ತುಂಬಿದರೆ ಕೌನ್ಸಿಲರ್ ಆಗಬಹುದು: ಇಂಗ್ಲೆಂಡಿನ ವಾರ್ಡ್ ಚುನಾವಣೆಯ ಒಳಹೊರಗು

ನಮ್ಮ ಕಡೆ ಗ್ರಾಮ ಪಂಚಾಯಿತಿಗೆ ನಿಲ್ಲಲು 21 ವರ್ಷ ತುಂಬಿರಬೇಕು. ಇಂಗ್ಲೆಂಡಿನಲ್ಲಿ ಕೌನ್ಸಿಲರ್, ಅಂದರೆ ಸ್ಥಳೀಯ ಆಡಳಿತದ ಸದಸ್ಯ, ಆಗಲು 18 ಸಾಕು. 2006ರ ಕಾಯ್ದೆ ಬರುವ ತನಕ ಇಲ್ಲೂ 21 ಇತ್ತು. ವಯಸ್ಸು ಇಳಿಸಿದರೂ ಕೌನ್ಸಿಲರ್‌ಗಳ ಸರಾಸರಿ ವಯಸ್ಸು ಇವತ್ತಿಗೂ 60ರ ಆಸುಪಾಸಿನಲ್ಲೇ ಇದೆ. ಹಾಗಾಗಿಯೇ 2025ರ ಮೇ ತಿಂಗಳಲ್ಲಿ ಜಾರ್ಜ್ ಫಿಂಚ್ 18ಕ್ಕೆ ಗೆದ್ದು, ಜುಲೈನಲ್ಲಿ 19ಕ್ಕೆ ವಾರಿಕ್‌ಶೈರ್ ಕೌಂಟಿ ಕೌನ್ಸಿಲಿನ ನಾಯಕನಾದಾಗ ಅದು ದೇಶಕ್ಕೇ ದೊಡ್ಡ ಸುದ್ದಿಯಾಯಿತು. ಅವರ ಪಕ್ಷ ರಿಫಾರ್ಮ್ ಯುಕೆ ಯಾರಿಗೆ ಹಿಡಿಸುತ್ತದೆ, ಯಾರಿಗಿಲ್ಲ ಎಂಬುದು ಬೇರೆ ಮಾತು. ಬಾಗಿಲು ತೆರೆದಿದೆ, ಒಳಗೆ ಹೋಗುವ ಹುಡುಗ ಹುಡುಗಿಯರು ಕಡಿಮೆ.

ಊರಿನವರಿಗೆ ಅಚ್ಚರಿ ಅನ್ನಿಸುವ ಸಂಗತಿ ಇನ್ನೊಂದಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ಸ್ಥಳೀಯ ಚುನಾವಣೆಗೆ ನಿಲ್ಲಬಹುದು. ಕಾಮನ್‌ವೆಲ್ತ್ ದೇಶದವರಿಗೆ ಆ ಹಕ್ಕಿದೆ. ಆದರೆ ಶಾಶ್ವತ ವಾಸದ ಅನುಮತಿ ಸಿಕ್ಕಿರಬೇಕು. ಸ್ಟೂಡೆಂಟ್ ವೀಸಾ, ವರ್ಕ್ ವೀಸಾದ ಮೇಲಿರುವವರು ಮತದಾರರ ಪಟ್ಟಿಗೆ ಸೇರಬಹುದು, ಮತ ಹಾಕಬಹುದು, ಅಭ್ಯರ್ಥಿ ಆಗುವಂತಿಲ್ಲ. ಕಲಬುರಗಿ ಕಡೆಯ ನೀರಜ್ ಪಾಟೀಲರು ಲಂಡನ್ನಿನ ಲ್ಯಾಂಬೆತ್‌ಗೆ 2010ರಲ್ಲಿ ಮೇಯರ್ ಆದದ್ದು ನಮ್ಮವರಿಗೆ ಗೊತ್ತೇ ಇದೆ; ಅವರೂ ಮೊದಲು ಗೆದ್ದದ್ದು ಇಂಥದ್ದೇ ಒಂದು ವಾರ್ಡ್‌ನಿಂದ.

ಅರ್ಹತೆಗೆ ನಾಲ್ಕು ದಾರಿ. ಆ ಕೌನ್ಸಿಲ್ ವ್ಯಾಪ್ತಿಯ ಮತದಾರನಾಗಿರಬೇಕು, ಇಲ್ಲವೇ ಹಿಂದಿನ 12 ತಿಂಗಳು ಪೂರ್ತಿ ಅಲ್ಲಿ ವಾಸವಿರಬೇಕು, ಇಲ್ಲವೇ ಆ 12 ತಿಂಗಳೂ ಮುಖ್ಯ ಕೆಲಸ ಅಲ್ಲಿರಬೇಕು, ಇಲ್ಲವೇ ಅಷ್ಟೂ ಕಾಲ ಮಾಲೀಕ ಅಥವಾ ಬಾಡಿಗೆದಾರನಾಗಿ ಅಲ್ಲೊಂದು ಜಾಗ ಇಟ್ಟುಕೊಂಡಿರಬೇಕು. ಒಂದಾದರೂ ಸಾಕು. ಆದರೆ ನಾಮಪತ್ರದ ಜೊತೆ ಕೊಡುವ ಒಪ್ಪಿಗೆ ಪತ್ರದಲ್ಲಿ ಅನ್ವಯಿಸುವ ಎಲ್ಲವನ್ನೂ ಗುರುತು ಹಾಕಿ ಎಂದು ಹೊಸಬರಿಗೆ ಒತ್ತಿ ಹೇಳಬೇಕು. ಮತದಾರ ಎಂಬ ಒಂದೇ ಆಧಾರದ ಮೇಲೆ ಗೆದ್ದವರು ಅವಧಿ ಮುಗಿಯುವ ತನಕ ಪಟ್ಟಿಯಲ್ಲೇ ಇರಬೇಕು. ಬಾಡಿಗೆ ಮನೆ ಬದಲಿಸುತ್ತಲೇ ಇರುವ ವಯಸ್ಸಿನವರು ಪಕ್ಕದ ಕೌನ್ಸಿಲಿಗೆ ಮನೆ ಸಾಗಿಸಿ, ಹಳೆಯ ಪಟ್ಟಿಯಿಂದ ಹೆಸರು ಹೋದರೆ, ಸ್ಥಾನವೂ ಹೋಗುತ್ತದೆ. ಹಿಂದಿನ 12 ತಿಂಗಳ ವಾಸ ಅಥವಾ ಕೆಲಸ ಒಮ್ಮೆ ಸಾಬೀತಾದರೆ ಮುಗಿಯಿತು, ಆಮೇಲೆ ಅದು ಕಳೆದುಹೋಗುವುದಿಲ್ಲ. ಆ ಕೌನ್ಸಿಲಿನಲ್ಲೇ ನೌಕರಿಯಲ್ಲಿರುವವರು ಮಾತ್ರ ನಿಲ್ಲುವ ಹಾಗಿಲ್ಲ.

ಠೇವಣಿ ಇಲ್ಲ, ಒಂದು ಪೌಂಡ್ ಕೂಡ ಕಟ್ಟಬೇಕಿಲ್ಲ. ನಾಮಪತ್ರಕ್ಕೆ ಮೊದಲು 10 ಜನರ ಸಹಿ ಬೇಕಿತ್ತು. ಈಗ ಸೂಚಕ, ಅನುಮೋದಕ ಇಬ್ಬರು ಸಾಕು. ಇಬ್ಬರೂ ಅದೇ ವಾರ್ಡ್‌ನ ಮತದಾರರಾಗಿರಬೇಕು, ಪಟ್ಟಿಯಲ್ಲಿರುವ ಅವರ ಸಂಖ್ಯೆಯನ್ನು ಅದರ ಮೊದಲು ಬರುವ ಅಕ್ಷರಗಳ ಸಮೇತ ಬರೆಯಬೇಕು. ಜೊತೆಗೆ ಮನೆ ವಿಳಾಸದ ಪತ್ರ, ಸಾಕ್ಷಿ ಸಹಿ ಇರುವ ಒಪ್ಪಿಗೆ ಪತ್ರ. ಪಕ್ಷದಿಂದ ನಿಂತರೆ ಅಧಿಕಾರ ಪತ್ರ ಬೇರೆ. ಮತದಾನಕ್ಕೆ 19 ಕೆಲಸದ ದಿನ ಮುಂಚೆ, ಸಂಜೆ 4ರ ಒಳಗೆ ನಾಮಪತ್ರ ಕಚೇರಿಗೆ ಮುಟ್ಟಬೇಕು. 4 ಗಂಟೆ ದಾಟಿತೆಂದರೆ ಯಾವ ವಿನಂತಿಯೂ ನಡೆಯುವುದಿಲ್ಲ. ಎಡವುವುದು ಬಹಳಷ್ಟು ಹೆಸರಿನಲ್ಲೇ. ನಮ್ಮ ಇನಿಷಿಯಲ್‌ಗಳು, ತಂದೆಯ ಹೆಸರು, ಊರಿನ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇರುತ್ತವೆ. ಮತಪತ್ರದಲ್ಲಿ ಕೊನೆಯ ಹೆಸರಿನ ಅಕ್ಷರ ಕ್ರಮದಲ್ಲೇ ಪಟ್ಟಿ ಮಾಡುವುದರಿಂದ ಆ ಜಾಗದಲ್ಲಿ ಏನು ಬರೆಯಬೇಕೆಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಜನ ಕರೆಯುವ ಹೆಸರೇ ಬೇರೆಯಾಗಿದ್ದರೆ ಅದಕ್ಕೊಂದು ಪ್ರತ್ಯೇಕ ಅಂಕಣವಿದೆ. ಕೊನೆ ದಿನಕ್ಕೆ ಒಂದು ವಾರ ಮುಂಚೆ ಚುನಾವಣಾ ಕಚೇರಿಗೆ ಕರಡು ತೋರಿಸಿದರೆ ತಪ್ಪು ಅಲ್ಲೇ ಸಿಗುತ್ತದೆ.

ಇನ್ನು ಪ್ರಚಾರ. ಇಲ್ಲಿ ಮೆರವಣಿಗೆ, ಮೈಕು ಯಾವುದೂ ಇಲ್ಲ. ಮನೆಮನೆ ಬಾಗಿಲು ತಟ್ಟುವುದೇ ಪ್ರಚಾರ. 6,000 ಮತದಾರರ ವಾರ್ಡ್ ಎಂದುಕೊಳ್ಳಿ. ಮೂರನೇ ಒಂದು ಭಾಗ ಮತ ಹಾಕಿದರೆ 2,000. ಮೂರು ನಾಲ್ಕು ಅಭ್ಯರ್ಥಿಗಳಿದ್ದರೆ 800, 900 ಮತಕ್ಕೆ ಗೆಲುವು ಕೈಗೆ ಬರುತ್ತದೆ. ದುಡ್ಡಿಲ್ಲದ ಇಪ್ಪತ್ತರ ಹುಡುಗಿಗೂ ಅದು ಎಟುಕುವ ಲೆಕ್ಕ, ಅದಕ್ಕೇ ಇಷ್ಟು ಹೇಳುತ್ತಿರುವುದು. ಕೆಲಸದ ದಿನಗಳಲ್ಲಿ ಸಂಜೆ ಐದೂವರೆಯಿಂದ ಎಂಟು, ಶನಿವಾರ ಬೆಳಿಗ್ಗೆ ಹನ್ನೊಂದರ ಮೇಲೆ ಹೊರಡಬೇಕು. ಹತ್ತು ಬಾಗಿಲು ತಟ್ಟಿದರೆ ಮೂರೋ ನಾಲ್ಕೋ ತೆರೆಯುತ್ತವೆ. ನಿಂತು ಭಾಷಣ ಮಾಡಬಾರದು. "ಈ ಬೀದಿಯಲ್ಲಿ ಏನು ತೊಂದರೆ?" ಎಂದು ಕೇಳಿ, ಉತ್ತರವನ್ನು ಮನೆ ನಂಬರಿನ ಮುಂದೆ ಅಲ್ಲೇ ಬರೆದುಕೊಳ್ಳಬೇಕು. ಅಂಚೆ ಮತದಾರರ ಮನೆಗೆ ಮೊದಲು ಹೋಗಬೇಕು. ಅವರ ಮತಪತ್ರ ಎರಡು ವಾರ ಮುಂಚೆಯೇ ಬಂದಿರುತ್ತದೆ, ಕೊನೆ ವಾರ ಹೋದರೆ ಮತ ಯಾರಿಗೋ ಬಿದ್ದು ಮುಗಿದಿರುತ್ತದೆ. ಕರಪತ್ರ ಹಾಕುವಾಗ ಕೈಯಲ್ಲೊಂದು ಚಪ್ಪಟೆ ಮರದ ಸಟ್ಟುಗ ಇರಲಿ. ಬಾಗಿಲಿನ ಅಂಚೆ ಸೀಳಿನಲ್ಲಿ ಗಟ್ಟಿ ಸ್ಪ್ರಿಂಗು, ಬ್ರಷ್ಷು ಇರುತ್ತವೆ, ಒಳಗೆ ನಾಯಿ ಕಾಯುತ್ತಿರುತ್ತದೆ. ಬೆರಳು ತೂರಿಸಿದವರಿಗೆ ಕಚ್ಚಿಸಿಕೊಳ್ಳುವ ಭಾಗ್ಯ ತಪ್ಪದು. ಕಾಗದವನ್ನು ಸಟ್ಟುಗದಿಂದ ಒಳಗೆ ತಳ್ಳಬೇಕು.

ಖರ್ಚಿನ ಮಿತಿ 960 ಪೌಂಡ್, ಅದರ ಮೇಲೆ ಮತದಾರರೊಬ್ಬರಿಗೆ 8 ಪೆನ್ಸ್. 6,000 ಮತದಾರರಿಗೆ 1,440 ಪೌಂಡ್ ಆಯಿತು. ಪ್ರತಿ ಕರಪತ್ರದ ಮೇಲೂ ಮುದ್ರಕರು ಯಾರು, ಹೊರಡಿಸಿದವರು ಯಾರು, ಯಾರ ಪರವಾಗಿ ಎಂಬ ಹೆಸರು ವಿಳಾಸ ಇರಲೇಬೇಕು. ಇದನ್ನು ಮರೆತು ಅಚ್ಚು ಹಾಕಿಸಿದರೆ ಹಂಚುವಂತಿಲ್ಲ, ಅಷ್ಟೂ ದುಡ್ಡು ನೀರಿಗೆ. 50 ಪೌಂಡ್ ಮೀರಿದ ದೇಣಿಗೆ ಯಾರಿಂದ ಬಂತೆಂದು ಪರಿಶೀಲಿಸಬೇಕು. ಊರಿನಲ್ಲಿರುವ ಚಿಕ್ಕಪ್ಪ ಪ್ರೀತಿಯಿಂದ ಕಳಿಸಿದರೂ, ಅವರು ಇಲ್ಲಿನ ಮತದಾರರ ಪಟ್ಟಿಯಲ್ಲಿ ಇಲ್ಲದಿದ್ದರೆ, ತೆಗೆದುಕೊಳ್ಳುವಂತಿಲ್ಲ. ಫಲಿತಾಂಶ ಬಂದ 35 ದಿನದೊಳಗೆ ಖರ್ಚಿನ ಲೆಕ್ಕ ಒಪ್ಪಿಸಬೇಕು. ಸೋತವರೂ, ಏನೂ ಖರ್ಚು ಮಾಡದವರೂ ಒಪ್ಪಿಸಬೇಕು.

ಮತ ಸಮವಾದರೆ ಚೀಟಿ ಎತ್ತುತ್ತಾರೆ. 2017ರಲ್ಲಿ ನಾರ್ಥಂಬರ್‌ಲ್ಯಾಂಡಿನ ಸೌತ್ ಬ್ಲೈತ್ ವಾರ್ಡ್‌ನಲ್ಲಿ ಹಾಗೆ ಕಡ್ಡಿ ಎಳೆದೇ ಗೆದ್ದವರನ್ನು ಘೋಷಿಸಿದರು. ಅಲ್ಲಿ ಸೋತ ಕನ್ಸರ್ವೇಟಿವ್ ಪಕ್ಷಕ್ಕೆ ಆ ಕೌನ್ಸಿಲಿನ ಬಹುಮತ ಒಂದೇ ಸ್ಥಾನದಿಂದ ತಪ್ಪಿತು. ಕೊನೆಯ ಬೀದಿಯ ನಾಲ್ಕು ಮನೆ ಬಿಟ್ಟು ಬರಬಾರದು ಎಂದು ಅನುಭವಿಗಳು ಹೇಳುವುದು ಸುಮ್ಮನೆ ಅಲ್ಲ.

ಗೆದ್ದ ಮೇಲೆ ಎರಡು ತಿಂಗಳೊಳಗೆ ಅಧಿಕಾರ ಸ್ವೀಕಾರದ ಸಹಿ ಹಾಕಬೇಕು, 28 ದಿನದೊಳಗೆ ತನ್ನ ಮತ್ತು ಸಂಗಾತಿಯ ನೌಕರಿ, ಆಸ್ತಿ, ಷೇರುಗಳ ವಿವರ ನೋಂದಾಯಿಸಬೇಕು. ಹಣದ ಹಿತಾಸಕ್ತಿ ಇರುವ ವಿಷಯದಲ್ಲಿ ಬಾಯಿ ಬಿಡದೆ ಮತ ಹಾಕುವುದು ಅಪರಾಧ. ಕೌನ್ಸಿಲ್ ತೆರಿಗೆ (ಮನೆಗೆ ಕಟ್ಟುವ ಸ್ಥಳೀಯ ತೆರಿಗೆ) ಎರಡು ತಿಂಗಳು ಬಾಕಿ ಇದ್ದರೆ ಬಜೆಟ್‌ಗೆ ಮತ ಹಾಕುವಂತಿಲ್ಲ. ಗೆಳೆಯರ ಜೊತೆ ಒಂದೇ ಕರಾರಿನಲ್ಲಿ ಬಾಡಿಗೆಗಿರುವವರು ಇದನ್ನು ಗಮನಿಸಬೇಕು, ಒಬ್ಬ ಕಟ್ಟದಿದ್ದರೂ ಬಾಕಿ ಎಲ್ಲರ ತಲೆಗೂ ಬರುತ್ತದೆ. ಆರು ತಿಂಗಳು ಯಾವ ಸಭೆಗೂ ಬರದಿದ್ದರೆ, ಕೌನ್ಸಿಲ್ ಮೊದಲೇ ಅನುಮತಿ ಕೊಟ್ಟಿರದಿದ್ದರೆ, ಸದಸ್ಯತ್ವ ತಾನಾಗಿ ರದ್ದು.

ಕಿರಿಯರು ಮೊದಲ ವರ್ಷ ಪೆಟ್ಟು ತಿನ್ನುವುದು ಯೋಜನಾ ಸಮಿತಿಯಲ್ಲಿ, ಅಂದರೆ ಕಟ್ಟಡ ಕಟ್ಟಲು ಅನುಮತಿ ಕೊಡುವ ಸಮಿತಿಯಲ್ಲಿ. ಪಕ್ಕದಲ್ಲಿ ಮೂರಂತಸ್ತು ಏಳುತ್ತಿದೆ ಎಂದು ನೆರೆಯವರು ಬಂದು ಅಳುತ್ತಾರೆ. "ಇದನ್ನು ನಾನು ಬಿಡುವುದಿಲ್ಲ" ಎಂದು ಫೇಸ್‌ಬುಕ್ಕಿನಲ್ಲಿ ಬರೆದುಬಿಟ್ಟರೆ, ವಿಚಾರಣೆಗೆ ಮೊದಲೇ ತೀರ್ಮಾನ ಮಾಡಿಕೊಂಡಿದ್ದಾರೆ ಎಂಬ ಆಕ್ಷೇಪ ಬರುತ್ತದೆ, ಸಮಿತಿಯಿಂದ ಹಿಂದೆ ಸರಿಯಬೇಕಾಗುತ್ತದೆ. ನಂಬಿದ ಜನರ ಪರವಾಗಿ ಹಾಕಲು ಆಗ ಮತವೂ ಇಲ್ಲ. ಬೆಳಕು ಅಡ್ಡವಾಗುವುದು, ವಾಹನ ದಟ್ಟಣೆ, ಖಾಸಗಿತನ ಇವುಗಳನ್ನು ಸಮಿತಿ ಪರಿಗಣಿಸುತ್ತದೆ. ಮನೆಯ ಬೆಲೆ ಇಳಿಯುತ್ತದೆ, ಕಿಟಕಿಯ ನೋಟ ಹೋಗುತ್ತದೆ ಎಂಬುದನ್ನು ಪರಿಗಣಿಸುವುದಿಲ್ಲ. ಬಂದವರಿಗೆ ಇದನ್ನು ಮೊದಲ ದಿನವೇ ಬಿಡಿಸಿ ಹೇಳುವುದು ಸಮಾಧಾನದ ಮಾತಿಗಿಂತ ಹೆಚ್ಚು ಉಪಕಾರ.

ಸಂಬಳವಿಲ್ಲ, ಭತ್ಯೆ ಇದೆ. ಅದು ಕೌನ್ಸಿಲಿನಿಂದ ಕೌನ್ಸಿಲಿಗೆ ಬೇರೆ, ತೆರಿಗೆಯೂ ಬೀಳುತ್ತದೆ. ಅದನ್ನೇ ನಂಬಿ ನೌಕರಿ ಬಿಡುವಂತಿಲ್ಲ. ಸಭೆಗಳಿಗೆ ತಕ್ಕಮಟ್ಟಿನ ರಜೆ ಕೊಡಬೇಕೆಂದು 1996ರ ಉದ್ಯೋಗ ಹಕ್ಕುಗಳ ಕಾಯ್ದೆ ಹೇಳುತ್ತದೆ, ಆ ಗಂಟೆಗಳ ಸಂಬಳ ಕೊಡಬೇಕೆಂದು ಹೇಳುವುದಿಲ್ಲ. ನಿಲ್ಲುವ ಮೊದಲೇ ಮೇಲಧಿಕಾರಿಯ ಜೊತೆ ಮಾತಾಡಿ, ಸಭೆಗಳ ವಾರ್ಷಿಕ ಪಟ್ಟಿಯನ್ನು ಅವರ ಮುಂದಿಡುವುದು ಒಳ್ಳೆಯದು. ಅಷ್ಟು ಸಮಯ ಕೈಯಲ್ಲಿ ಇಲ್ಲದವರು ಹಳ್ಳಿ ಮಟ್ಟದ ಪುಟ್ಟ ಪ್ಯಾರಿಷ್ ಕೌನ್ಸಿಲ್ ನೋಡಬಹುದು. ಎಷ್ಟೋ ಕಡೆ ಸ್ಥಾನಗಳಿಗೆ ಅಭ್ಯರ್ಥಿಗಳೇ ಸಿಗದೆ ಖಾಲಿ ಉಳಿಯುತ್ತವೆ, ಅಲ್ಲಿ ಸದಸ್ಯರೇ ಸೇರಿ ಹೊಸಬರನ್ನು ಆರಿಸಿಕೊಳ್ಳುತ್ತಾರೆ. ಗುಮಾಸ್ತರಿಗೆ ಒಂದು ಪತ್ರ ಬರೆದು, ಮುಂದಿನ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿ ಬನ್ನಿ. ಸಭೆ ಎಲ್ಲರಿಗೂ ತೆರೆದಿರುತ್ತದೆ.