ಎರಿ ಹೊಲ, ಮಸಾರಿ ಗುಡ್ಡ ಮತ್ತು ತಮ್ಮನ ಹೊಸ ಪಿಕಪ್

ಹುಬ್ಬಳ್ಳಿ ಬಿಟ್ಟು ಕುಂದಗೋಳದ ದಾರಿ ಹಿಡಿದಾಗ ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು. ಮುಂದೆ ಕಾಕಾನ ಮಗ, ಅಂದರೆ ನನ್ನ ತಮ್ಮನ ಹೊಸ ಟೊಯೊಟಾ ಹೈಲಕ್ಸ್ ಪಿಕಪ್, ಹಿಂದೆ ಗೆಳೆಯನ ಮಹೀಂದ್ರಾ ಥಾರ್ ಜೀಪು. ನಾನು ಪಿಕಪ್ಪಿನಲ್ಲಿ ತಮ್ಮನ ಪಕ್ಕ ಕೂತಿದ್ದೆ. ಗಾಡಿ ಶೋರೂಮಿನಿಂದ ಬಂದಾಗಿನಿಂದ ಇವರಿಬ್ಬರದ್ದು ಒಂದೇ ಜಗಳ. "ಇಷ್ಟುದ್ದ ಗಾಡಿ ತಗೊಂಡು ಗುಡ್ಡ ಹತ್ತತೀನಿ ಅಂತೀಯಲ್ಲಪಾ, ನಡುವ ಹೊಟ್ಟಿ ಹತ್ತಿ ನಿಂದರತೈತಿ ನೋಡು" ಅಂತ ಗೆಳೆಯ. "ಕಂಪನಿಯಿಂದ ಹೆಂಗ ಬಂದೈತಿ ಹಂಗ ಓಡಸ್ತೀನಿ, ಒಂದು ನಟ್ಟು ಸೈತ ಬದಲಿ ಮಾಡೂದಿಲ್ಲ" ಅಂತ ತಮ್ಮ.

ಚಹಾದಂಗಡಿಯಲ್ಲಿ ಕೂತು ಎಷ್ಟು ಮಾತಾಡಿದರೂ ಇದು ಬಗೆಹರಿಯುವುದಿಲ್ಲ. ನಮ್ಮ ಕಡೆ ಮಣ್ಣು ಎರಡು ಥರ. ಹುಬ್ಬಳ್ಳಿ, ಕುಂದಗೋಳ, ನವಲಗುಂದದ ಕಡೆ ಎರಿ, ಅಂದರೆ ಕಪ್ಪು ಮಣ್ಣು. ಮುಂಡರಗಿ, ಕಪ್ಪತಗುಡ್ಡದ ಕಡೆ ಹೋದರೆ ಮಸಾರಿ, ಕೆಂಪು ಮಣ್ಣು, ಜೊತೆಗೆ ಕಲ್ಲು. ಒಂದರ ಮೇಲೆ ಗೆದ್ದ ಗಾಡಿ ಇನ್ನೊಂದರ ಮೇಲೆ ಸೋಲಬಹುದು. ಎರಡರ ಮೇಲೂ ಓಡಿಸಿ ನೋಡೋಣ ಅಂತ ಹೊರಟಿದ್ದೆವು. ಮೊದಲು ಕಾಕಾನ ಹೊಲ, ಆಮೇಲೆ ಡಂಬಳದಲ್ಲಿ ಅತ್ತೆಯ ಮನೆ, ಕೊನೆಗೆ ಗುಡ್ಡ.

ಗೊತ್ತಿಲ್ಲದವರಿಗೆ ಗಾಡಿಯ ಬಗ್ಗೆ ಎರಡು ಮಾತು. ಹೈಲಕ್ಸ್ ನಮ್ಮ ದೇಶಕ್ಕೆ ಬಂದದ್ದು 2022ರಲ್ಲಿ. ತಯಾರಾಗುವುದು ನಮ್ಮ ರಾಜ್ಯದಲ್ಲೇ, ಬಿಡದಿಯಲ್ಲಿ. ಫಾರ್ಚೂನರ್‌ನಲ್ಲಿರುವ ಅದೇ 2.8 ಲೀಟರ್ ಡೀಸೆಲ್ ಎಂಜಿನ್, 204 ಅಶ್ವಶಕ್ತಿ. ತಮ್ಮನದು ಆಟೊಮ್ಯಾಟಿಕ್, ಹಾಗಾಗಿ ಟಾರ್ಕ್, ಅಂದರೆ ತಿರುಗಿಸುವ ಬಲ, 500 ನ್ಯೂಟನ್ ಮೀಟರ್. ಹಿಂದೆ ಲಾರಿಗಿದ್ದ ಹಾಗೆ ಪಟ್ಟಿ ಸ್ಪ್ರಿಂಗ್. ಫೋರ್ ವೀಲ್ ಡ್ರೈವ್ ಇದೆ, ಲೋ ಗೇರ್ ಇದೆ, ಹಿಂದಿನ ಎರಡೂ ಗಾಲಿಯನ್ನು ಒಟ್ಟಿಗೇ ತಿರುಗಿಸುವ ಡಿಫ್ ಲಾಕ್ ಕಂಪನಿಯಿಂದಲೇ ಬರುತ್ತದೆ. ಉದ್ದ 5.3 ಮೀಟರ್ ಮೇಲೆ. ಗೆಳೆಯನ ಮೂರು ಬಾಗಿಲಿನ ಥಾರ್ ನಾಲ್ಕು ಮೀಟರ್ ಒಳಗೆ ಮುಗಿಯುತ್ತದೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ ಥಾರ್‌ನಲ್ಲಿ 2,450 ಮಿಲಿಮೀಟರ್, ಹೈಲಕ್ಸ್‌ನಲ್ಲಿ 3,085. ಸುಮಾರು ಎರಡಡಿ ಜಾಸ್ತಿ. ಗೆಳೆಯನ ವಾದವೆಲ್ಲ ಈ ಎರಡಡಿಯ ಮೇಲೇ ನಿಂತಿತ್ತು.

ಕುಂದಗೋಳ ಬಂದಾಗ ನನಗೆ ಪ್ರತಿ ಸಲ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಾಗುತ್ತದೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಇಲ್ಲಿಗೆ ಬಂದು ಅವರ ಹತ್ತಿರ ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಭೀಮಸೇನ ಜೋಶಿ ಕಲಿತದ್ದೂ ಇದೇ ಊರಲ್ಲಿ. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಗಾಡಿ ನಿಂತಿತು. ಹಳ್ಳದ ಮೇಲಿನ ತಗ್ಗು ಸೇತುವೆಯ ಮೇಲೆ ನೀರು ಹರಿಯುತ್ತಿತ್ತು.

ಬೆಣ್ಣಿಹಳ್ಳದ ಸೀಮೆಯಲ್ಲಿ ಇದು ಹೊಸದಲ್ಲ. ಶಿಗ್ಗಾವಿ ತಾಲೂಕಿನಲ್ಲಿ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ದಾಟಿ ಮಲಪ್ರಭೆ ಸೇರುವ ಹಳ್ಳ ಅದು. ಬೇಸಿಗೆಯಲ್ಲಿ ನೋಡಿದರೆ ಇದೇನಾ ಅನ್ನಿಸುತ್ತದೆ. ಮೇಲೆ ಮಳೆಯಾದರೆ ಇಲ್ಲಿ ಬಿಸಿಲಿದ್ದಾಗಲೂ ನೀರು ಏರುತ್ತದೆ. ಅದಕ್ಕೆ ಸೇರುವ ಸಣ್ಣ ಹಳ್ಳಗಳ ಸ್ವಭಾವವೂ ಹಾಗೇ. ಎರಿ ಒಮ್ಮೆ ನೆನೆದು ಉಬ್ಬಿದರೆ ನೀರನ್ನು ಒಳಗೆ ಬಿಡುವುದಿಲ್ಲ. ಬಿದ್ದದ್ದೆಲ್ಲ ಹರಿದು ಹಳ್ಳಕ್ಕೇ ಬರುತ್ತದೆ.

"ಇದು 700 ಮಿಲಿಮೀಟರ್ ಆಳದ ನೀರು ದಾಟತೈತಿ, ನಿಂದು 650" ಅಂದ ತಮ್ಮ. ಇಬ್ಬರೂ ನನ್ನ ಮುಖ ನೋಡಿದರು. ನಾನು ಬೇಡವೇ ಬೇಡ ಅಂದೆ. ಆ ಅಂಕಿ ನಿಂತ ನೀರಿನದು. ಹರಿಯುವ ನೀರಿಗೆ ಆಳದ ಜೊತೆ ತಳ್ಳುವ ಬಲವೂ ಇರುತ್ತದೆ. ಕದಡಿದ ನೀರಿನ ಕೆಳಗೆ ರಸ್ತೆ ಇದೆಯೋ ಕೊಚ್ಚಿ ಹೋಗಿದೆಯೋ ಯಾರಿಗೆ ಗೊತ್ತು? ದಂಡೆಯ ಮೇಲೆ ನಿಂತಿದ್ದ ಹಿರಿಯರೊಬ್ಬರು "ಬ್ಯಾಡ್ರಿ, ಹೋದ ವರ್ಷ ಇಲ್ಲೇ ಒಂದು ಎತ್ತು ಹೋತು" ಅಂದರು. ನಮ್ಮ ಜಿಲ್ಲೆಗಳಲ್ಲಿ ಪ್ರತಿ ಮಳೆಗಾಲಕ್ಕೂ ಇಂಥ ಸೇತುವೆ ದಾಟಲು ಹೋಗಿ ಜನ ಜೀವ ಕಳೆದುಕೊಳ್ಳುತ್ತಾರೆ. ಗಾಡಿ ಎಷ್ಟೇ ದೊಡ್ಡದಿರಲಿ, ಹರಿಯುವ ಹಳ್ಳಕ್ಕೆ ಇಳಿಸಬಾರದು. ಸುತ್ತು ದಾರಿ ಹಿಡಿದು ಹೋದೆವು.

ಡಾಂಬರು ಬಿಟ್ಟು ಕಾಕಾನ ಹೊಲದ ದಾರಿಗೆ ಇಳಿದಾಗ ಶುರುವಿಗೆ ಏನೂ ಆಗಲಿಲ್ಲ. ತಮ್ಮ ಎಚ್-ಫೋರ್‌ಗೆ, ಅಂದರೆ ನಾಲ್ಕೂ ಗಾಲಿಗೆ ಬಲ ಹೋಗುವ ಹಾಗೆ, ಹಾಕಿದ್ದ. ಗಾಡಿ ಗಂಭೀರವಾಗಿ ಹೊರಟಿತ್ತು. ಹತ್ತಿ ಹೊಲದ ಬದು ದಾಟಿದ ಮೇಲೆ ಹಿಂದಿನ ಭಾಗ ಮೆಲ್ಲಗೆ ಎಡಕ್ಕೆ ಜಾರಿತು. ತಮ್ಮ ಸ್ಟಿಯರಿಂಗ್ ತಿರುಗಿಸಿದ, ಗಾಡಿ ಮಾತ್ರ ತಿರುಗಲಿಲ್ಲ. ನಾಲ್ಕೂ ಗಾಲಿ ತಿರುಗುತ್ತಿವೆ, ಗಾಡಿ ಇದ್ದಲ್ಲೇ ಇದೆ.

ಇಳಿದು ನೋಡಿದೆ. ಟೈರಿನ ಗೆರೆ ಒಂದೂ ಕಾಣುತ್ತಿರಲಿಲ್ಲ. ಕಪ್ಪು ಮಣ್ಣು ಗೆರೆಯೊಳಗೆಲ್ಲ ತುಂಬಿ, ಅದರ ಮೇಲೆ ಇನ್ನೊಂದು ಪದರ ಕೂತು, ಟೈರು ಒನಕೆಯಷ್ಟು ನುಣ್ಣಗಾಗಿತ್ತು. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಕೈ ಹಾಕಲು ಜಾಗ ಉಳಿದಿರಲಿಲ್ಲ. ನನ್ನ ಚಪ್ಪಲಿಗೂ ಅದೇ ಗತಿ, ಒಂದೊಂದು ಕಾಲೂ ಎರಡೆರಡು ಕಿಲೋ ಭಾರ. ಎರಿ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಏನು ಸಿಕ್ಕರೂ ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಇದೇ ನೆಲ ಕೈ ಹೋಗುವಷ್ಟು ಅಗಲ ಬಿರಿದಿರುತ್ತದೆ.

ಇಲ್ಲಿ 500 ನ್ಯೂಟನ್ ಮೀಟರ್ ಏನು ಮಾಡಬೇಕು? ಬಲ ಎಷ್ಟಿದ್ದರೂ ಅದು ನೆಲ ಮುಟ್ಟುವುದು ಟೈರಿನ ಮೂಲಕ. ಈ ಟೈರು ಹೈವೇಗೆ ಮಾಡಿದ್ದು. ಗೆರೆ ಸಣ್ಣ, ಒತ್ತೊತ್ತಾಗಿದೆ. ಯಾವ ಗಾಡಿಗೆ ಇಂಥ ಟೈರಿದ್ದರೂ ಹಸಿ ಎರಿಯಲ್ಲಿ ಇದೇ ಪಾಡು. ಗೆಳೆಯನ ಥಾರ್‌ಗೆ ಕಂಪನಿಯಿಂದಲೇ ಆಲ್ ಟೆರೇನ್, ಅಂದರೆ ಎಲ್ಲ ಥರದ ನೆಲಕ್ಕೂ ಮಾಡಿದ ಟೈರ್ ಬಂದಿದೆ, ಗಾಡಿಯೂ ಹಗುರ. ಅವನು ನಮಗಿಂತ ಒಂದಷ್ಟು ಮುಂದೆ ಹೋದ. ಆಮೇಲೆ ಅವನದೂ ಅಡ್ಡಡ್ಡ ಜಾರಿ ಒಡ್ಡಿನ ಕಡೆ ಹೊರಟಿತು. ಬುದ್ಧಿವಂತ, ಅಲ್ಲಿಗೇ ನಿಲ್ಲಿಸಿದ.

ಕಾಕಾ ತಲೆಗೆ ಟವೆಲ್ ಸುತ್ತಿಕೊಂಡು ಬಂದರು. ಕೈಯಲ್ಲಿ ಕುರ್ಪಿ. "ಹಸಿ ಎರಿಯೊಳಗ ಚಕ್ಕಡಿ ಸೈತ ಹೂಡೂದಿಲ್ಲೋ ನಾವು. ಎರಡು ದಿನ ಬಿಸಲು ಬೀಳಲಿ, ಆಮ್ಯಾಲ ಸೈಕಲ್ಲೂ ಹೊಕ್ಕೈತಿ" ಅಂದರು. ಬೈಗುಳ ಅಷ್ಟೇ. ಆಮೇಲೆ ಕುರ್ಪಿಯಿಂದ ಟೈರಿನ ಮಣ್ಣು ಕೆತ್ತಲು ಕೂತರು. ನಾವು ಟೈರಿನ ಗಾಳಿಯನ್ನು 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿದೆವು. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ಕೂರುತ್ತದೆ, ಹಿಡಿತ ಜಾಸ್ತಿ. ಗಾಲಿಗಳ ಕೆಳಗೆ ಹಳೇ ಬಣವೆಯ ಕಣಿಕೆ ಹಾಸಿದೆವು. ತಮ್ಮ ಎಲ್-ಫೋರ್‌ಗೆ, ಅಂದರೆ ಫೋರ್ ವೀಲ್‌ನ ಲೋ ಗೇರಿಗೆ ಹಾಕಿ, ಆಕ್ಸಿಲರೇಟರ್ ಮುಟ್ಟಿಯೂ ಮುಟ್ಟದ ಹಾಗೆ ಇಟ್ಟು, ಬಂದ ಜಾಡಿನಲ್ಲೇ ಹಿಂದಕ್ಕೆ ತಂದ. ಲೋ ಗೇರಿನ ಉಪಯೋಗ ಇಲ್ಲಿ ಸರಿಯಾಗಿ ಕಂಡಿತು. ಗಾಲಿ ಸಾವಕಾಶವಾಗಿ ತಿರುಗುತ್ತದೆ, ಬಲ ಮಾತ್ರ ಪೂರಾ ಸಿಗುತ್ತದೆ. ಜೋರಾಗಿ ಒತ್ತಿದ್ದರೆ ಇನ್ನೂ ಆಳಕ್ಕೆ ಇಳಿಯುತ್ತಿತ್ತು.

ಡಂಬಳದ ಅತ್ತೆಗೆ ಅಂತ ಕಾಕಾ ಆರು ಚೀಲ ಉಳ್ಳಾಗಡ್ಡಿ ಇಟ್ಟಿದ್ದರು. ಅದನ್ನು ರಸ್ತೆಯವರೆಗೆ ತಂದದ್ದು ಟ್ರ್ಯಾಕ್ಟರ್. ಅದರ ಹಿಂದಿನ ಗಾಲಿಯ ದಪ್ಪ ಹಲ್ಲುಗಳ ನಡುವೆ ನಾಲ್ಕು ಬೆರಳು ಜಾಗ, ಮಣ್ಣು ತಾನಾಗೇ ಉದುರುತ್ತದೆ. ಟೈರಿನ ಪಾಠ ಅದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ಚೀಲ ಏರಿಸುವಾಗ ಕಾಕಾ ಬೆಲೆ ಕೇಳಿದರು. ಇದು ಮಾರುಕಟ್ಟೆಗೆ ಬಂದಾಗ ಶೋರೂಮ್ ಬೆಲೆಯೇ ಸುಮಾರು 34 ಲಕ್ಷದಿಂದ ಶುರುವಾಗಿತ್ತು ಅಂದೆ. "ಅಷ್ಟ ರೊಕ್ಕದಾಗ ಮೂರು ಬೊಲೆರೊ ಪಿಕಪ್ ಬರತಾವಲ್ಲೋ. ಒಂದೊಂದೂ ಟನ್ನಿನ ಮ್ಯಾಲ ಹೇರತೈತಿ." ಲೆಕ್ಕ ಸರಿಯೇ ಇದೆ. ಬರೀ ಮಾಲು ಹೇರಲು ಯಾರೂ ಇದನ್ನು ಕೊಳ್ಳಬಾರದು. ಮನೆಮಂದಿ ಐದು ಜನ ಆರಾಮಾಗಿ ಕೂತು, ಹಿಂದೆ ಒಂದಿಷ್ಟು ಸಾಮಾನು ಹಾಕಿಕೊಂಡು, ಕೆಟ್ಟ ದಾರಿಯಲ್ಲೂ ಹೋಗಬೇಕು ಅನ್ನುವವರ ಗಾಡಿ ಇದು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ದಾಟುವವರೆಗೂ ನಾನೇ ಓಡಿಸಿದೆ. ಖಾಲಿ ಇದ್ದಾಗ ರಸ್ತೆಯ ಪ್ರತಿ ಉಬ್ಬಿಗೂ ಹಿಂದೆ ಕುಣಿಯುತ್ತಿದ್ದ ಗಾಡಿ ಮುನ್ನೂರು ಕಿಲೋ ಉಳ್ಳಾಗಡ್ಡಿ ಬಿದ್ದ ಮೇಲೆ ತಣ್ಣಗಾಗಿತ್ತು. ಪಟ್ಟಿ ಸ್ಪ್ರಿಂಗ್ ಇರುವುದೇ ಭಾರಕ್ಕೆ. ಪಿಕಪ್ಪನ್ನು ಖಾಲಿ ಓಡಿಸಿ ಕುಲುಕುತ್ತದೆ ಅಂತ ದೂರುವವರು ಒಮ್ಮೆ ಹೀಗೆ ತುಂಬಿಸಿ ಓಡಿಸಬೇಕು. ಡಾಂಬರು ರಸ್ತೆಗೆ ಬಂದ ಕೂಡಲೇ ಎಚ್-ಟೂಗೆ, ಅಂದರೆ ಹಿಂದಿನ ಎರಡೇ ಗಾಲಿಗೆ ಬಲ ಹೋಗುವ ಹಾಗೆ, ಹಾಕಿದ್ದೆ. ಇದರಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಒಣ ರಸ್ತೆಯಲ್ಲಿ ಫೋರ್ ವೀಲ್‌ನಲ್ಲೇ ತಿರುವು ತೆಗೆದುಕೊಂಡರೆ ಒಳಗಿನ ಗೇರು, ಶಾಫ್ಟುಗಳ ಮೇಲೆ ಸುಮ್ನೆ ಒತ್ತಡ ಬೀಳುತ್ತದೆ. ಹೊಸದಾಗಿ ಫೋರ್ ಬೈ ಫೋರ್ ಕೊಂಡ ಬಹಳ ಮಂದಿಗೆ ಇದು ಗೊತ್ತಿರುವುದಿಲ್ಲ.

ಅತ್ತೆಯ ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪ ಖಾರ, ಗಟ್ಟಿ ಮೊಸರು. ಡಂಬಳಕ್ಕೆ ಬಂದು ದೊಡ್ಡಬಸಪ್ಪನ ಗುಡಿ ನೋಡದೆ ಹೋಗುವುದುಂಟೇ? ಚಾಲುಕ್ಯರ ಕಾಲದ ಗುಡಿ, ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಗೋಡೆಗುಂಟ ಸುತ್ತು ಹಾಕಿದರೆ ಪ್ರತಿ ಹೆಜ್ಜೆಗೂ ನೆರಳು ಬದಲಾಗುತ್ತದೆ. ತಮ್ಮ, ಗೆಳೆಯ ಇಬ್ಬರೂ ಅಲ್ಲಿದ್ದಷ್ಟು ಹೊತ್ತು ಗಾಡಿಯ ಮಾತೆತ್ತಲಿಲ್ಲ.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಸುಮಾರು 244 ಚದರ ಕಿಲೋಮೀಟರ್. ಕತ್ತೆಕಿರುಬ, ತೋಳ, ಕೊಂಡಕುರಿ ಇರುವ ಕಾಡು, ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ. ಗಣಿಗಾರಿಕೆ ಬೇಡ ಅಂತ ಇಲ್ಲಿನ ಜನ ವರ್ಷಗಟ್ಟಲೆ ಹೋರಾಡಿ ಉಳಿಸಿಕೊಂಡದ್ದು. ಅದರೊಳಗೆ ಮೋಜಿಗೆ ಗಾಡಿ ನುಗ್ಗಿಸುವುದನ್ನು ನಾನು ಒಪ್ಪುವುದಿಲ್ಲ. ಕಾಡಿನ ಗಡಿಯಿಂದ ಹೊರಗೆ, ಗಾಳಿಯಂತ್ರಗಳ ಕಡೆ ಹೋಗುವ ಕಚ್ಚಾ ದಾರಿ ಸಿಕ್ಕಿತು. ಅಲ್ಲಿದ್ದ ಕಾವಲುಗಾರರನ್ನು ಕೇಳಿಕೊಂಡೇ ಹತ್ತಿದೆವು.

ಮಸಾರಿ ಮೇಲೆ ಅದೇ ಹೈವೇ ಟೈರು ಬೇರೆಯೇ ಆಗಿ ನಡೆದುಕೊಂಡಿತು. ನೆಲ ಗಟ್ಟಿ, ನೀರು ಬಸಿದು ಹೋಗಿತ್ತು, ಹಿಡಿತ ಚೆನ್ನಾಗಿತ್ತು. ಒಂದು ಕಡೆ ಮಳೆ ನೀರು ದಾರಿಯನ್ನು ಅಡ್ಡವಾಗಿ ಕೊರೆದಿತ್ತು. ಮುಂದಿನ ಎಡಗಾಲಿ ಕೊರಕಲಿಗೆ ಇಳಿಯಿತು, ಹಿಂದಿನ ಬಲಗಾಲಿ ನೆಲ ಬಿಟ್ಟು ಒಂದು ಗೇಣು ಮೇಲೆದ್ದಿತು. ಎದ್ದ ಗಾಲಿ ಗರಗರ ತಿರುಗುತ್ತದೆ, ನೆಲದ ಮೇಲಿರುವುದು ಸುಮ್ಮನಿದೆ. ಡಿಫರೆನ್ಷಿಯಲ್ಲಿನ ಗುಣವೇ ಅದು, ಯಾವ ಗಾಲಿ ಸುಲಭವಾಗಿ ತಿರುಗುತ್ತದೋ ಅದನ್ನೇ ತಿರುಗಿಸುತ್ತದೆ. ತಮ್ಮ ಎಲ್-ಫೋರ್‌ಗೆ ಹಾಕಿ ಡಿಫ್ ಲಾಕ್ ಬಟನ್ ಒತ್ತಿದ. ಎರಡೂ ಗಾಲಿ ಈಗ ಒಟ್ಟಿಗೇ ತಿರುಗಬೇಕು. ಕಾಲಿನ ಒತ್ತಡ ಹೆಚ್ಚಿಸಲೂ ಇಲ್ಲ, ಗಾಡಿ ಸದ್ದಿಲ್ಲದೆ ಹತ್ತಿತು. "ಈಗ ಏನಂತಿ?" ಅಂತ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ. "ಭಾರಿ ಆತು" ಅಂತ ಗೆಳೆಯ ಒಪ್ಪಿಕೊಂಡ.

ಆದರೆ ಮೇಲೆ ಹೋದಂತೆ ಅವನ ಎರಡಡಿ ಲೆಕ್ಕವೂ ನಿಜವಾಯಿತು. ದಾರಿ ನಡುವೆ ಒಂದು ದಿಣ್ಣೆ. ಥಾರ್ ಏರಿ ಇಳಿದು ಹೋಯಿತು. ನಮ್ಮದರ ಹೊಟ್ಟೆಗೆ ಕಲ್ಲು ಉಜ್ಜಿದ ಸದ್ದು ಕೇಳಿತು. ಹಿಂದೆ ತಂದು, ದಿಣ್ಣೆಯ ಎರಡೂ ಬದಿಗೆ ಕೈಯಿಂದ ಕಲ್ಲು ಜೋಡಿಸಿ, ಇಳಿಜಾರು ಮಾಡಿಕೊಂಡು ದಾಟಿದೆವು. ಗಾಡಿ ತಿರುಗಿಸುವಾಗಲೂ ಹಾಗೇ. ಗೆಳೆಯ ಒಂದೇ ಸಲಕ್ಕೆ ತಿರುಗಿಸಿದ ಜಾಗದಲ್ಲಿ ತಮ್ಮ ಹಿಂದೆ ಮುಂದೆ ಮಾಡುತ್ತಾ ಬೆವರಿದ. ಈ ಉದ್ದಕ್ಕೆ ಮದ್ದಿಲ್ಲ. ಅದೇ ಉದ್ದದಿಂದಲೇ ಕಡಿದಾದ ಏರಿನಲ್ಲಿ ಗಾಡಿ ನೇರವಾಗಿ, ಅಲುಗಾಡದೆ ಹತ್ತುತ್ತದೆ ಅನ್ನುವುದನ್ನೂ ಹೇಳಲೇಬೇಕು.

ಗದಗಿನಲ್ಲಿ ಮಿರ್ಚಿ, ಗಿರ್ಮಿಟ್ ಮುಂದೆ ಇಟ್ಟುಕೊಂಡು ಮತ್ತೆ ಮಾತು ಶುರು. ಗಾಡಿಯನ್ನು ಎರಡು ಇಂಚು ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸು ಅಂತ ಗೆಳೆಯ. ನಾನು ಬೇಡ ಅಂದೆ. ಎತ್ತರ ಹೆಚ್ಚಿದರೆ ತಿರುವಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ. ಅವತ್ತು ಹೊಟ್ಟೆಗೆ ದಿಣ್ಣೆ ತಾಗಿದ್ದು ಒಂದೇ ಕಡೆ, ಅದಕ್ಕೂ ನಾಲ್ಕು ಕಲ್ಲು ಸಾಕಾಯಿತು. ಎಂಜಿನ್, ಲೋ ಗೇರ್, ಡಿಫ್ ಲಾಕ್ ಕಂಪನಿ ಕೊಟ್ಟಿದ್ದೇ ನಮಗೆ ಬೇಕಾದಷ್ಟಿದೆ. ಬದಲಾಗಬೇಕಾದದ್ದು ಟೈರು ಮಾತ್ರ. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೈರ್ ಬದಲಿ ಮಾಡೂನು ಅಣ್ಣಾ" ಅಂದ. ಕೆಸರಿಗೇ ಮಾಡಿದ ಮಡ್ ಟೆರೇನ್ ಹಾಕಿಸು ಅಂತ ಗೆಳೆಯ ಶುರು ಮಾಡಿದ. ದಿನಾ ಹುಬ್ಬಳ್ಳಿ-ಧಾರವಾಡ ಓಡಾಡುವವನಿಗೆ ಅದರ ಸದ್ದು ತಡೆಯಲಾಗದು, ಹೈವೇ ಮೇಲೆ ಬೇಗ ಸವೆಯುತ್ತದೆ. ಅದೇ ಅಳತೆಯ 18 ಇಂಚಿನ ಆಲ್ ಟೆರೇನ್ ಸಾಕು ಅಂತ ತೀರ್ಮಾನವಾಯಿತು.

ಹಿಂಗಾರಿ ಕಡಲಿ ರಾಶಿಗೆ ಕಾಕಾ ಮತ್ತೆ ಕರೆದಿದ್ದಾರೆ. ಅಷ್ಟೊತ್ತಿಗೆ ಎರಿ ಒಣಗಿ ಗಟ್ಟಿಯಾಗಿರುತ್ತದೆ. ಹೊಸ ಟೈರಿನ ಪರೀಕ್ಷೆಗೆ ಮುಂದಿನ ಮುಂಗಾರಿಗೇ ಕಾಯಬೇಕು.