ಎಮ್ಮೆಗೆ ಬರೆ ಹಾಕಿದ ಫ್ಲ್ಯಾಗ್

ಅಳತೆ ಉಪಕರಣಗಳಿಂದ ಬರುವ ಅಂಕಿಗಳನ್ನು ಬ್ಯಾಚ್ ಬ್ಯಾಚಾಗಿ ಲೆಕ್ಕ ಹಾಕುವ ಸಿ ಪ್ರೋಗ್ರಾಂ ನನ್ನ ಪಾಲಿಗೆ ಬಂದಿತ್ತು. ಪ್ರತಿ ಬ್ಯಾಚ್ ಮುಗಿದೊಡನೆ, ದಶಮಾಂಶ ಲೆಕ್ಕದಲ್ಲಿ ಏನಾದರೂ ವಿಶೇಷ ನಡೆದಾಗ ಏರುವ ಗುರುತುಗಳನ್ನು (ಫ್ಲ್ಯಾಗ್) ಓದುವ ಫೆಟೆಸ್ಟ್‌ಎಕ್ಸೆಪ್ಟ್ ಕರೆಯುವುದು, ಅರ್ಥವಿಲ್ಲದ ಲೆಕ್ಕ ನಡೆದಿದೆ ಎನ್ನುವ ಎಫ್‌ಇ_ಇನ್‌ವ್ಯಾಲಿಡ್ ಫ್ಲ್ಯಾಗ್ ಏರಿದ್ದರೆ ಆ ಬ್ಯಾಚನ್ನು ತಿರಸ್ಕರಿಸುವುದು. ಇಷ್ಟೇ ಬರೆದಿದ್ದೆ. ಒಂದು ದಿನ 9ನೆಯ ಬ್ಯಾಚ್‌ನಿಂದ ಮುಂದಿನವೆಲ್ಲ ತಿರಸ್ಕೃತವಾದವು. ಕೊನೆಯದಾದ 40ನೆಯದನ್ನು ಹಿಡಿದು ಇಡೀ ದಿನ ಸಾಲು ಸಾಲಾಗಿ ಜಾಲಾಡಿದೆ. ಹುಳುಕೇನೂ ಸಿಗಲಿಲ್ಲ.

ಸಿಗುವುದಾದರೂ ಹೇಗೆ? 9ರಲ್ಲಿ ಒಂದು ಕಡೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲಾಗಿತ್ತು. ಒಮ್ಮೆ ಏರಿದ ಫ್ಲ್ಯಾಗ್, ಆಮೇಲೆ ಎಷ್ಟು ಸರಿಯಾದ ಲೆಕ್ಕ ಮಾಡಿದರೂ ತಾನಾಗಿ ಇಳಿಯುವುದಿಲ್ಲ. ಫೆಕ್ಲಿಯರ್‌ಎಕ್ಸೆಪ್ಟ್ ಕರೆದು ನಾವೇ ಇಳಿಸಬೇಕು. ಓದಿದರೆ ಅಳಿಸಿದಂತೆಯೇ ಎಂದು ನಾನು ನಂಬಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಉಳಿದ 31 ಬ್ಯಾಚ್‌ಗಳೂ ಬರೆ ತಿಂದವು.

ಅಳಿಸುವ ಸಾಲನ್ನು ಲೆಕ್ಕದ ಕೊನೆಗಲ್ಲ, ಶುರುವಿಗೇ ಹಾಕಿದೆ. ನಮಗಿಂತ ಮುಂಚೆ ಓಡಿದ ಕೋಡ್ ಏನು ಬಿಟ್ಟುಹೋಗಿದೆಯೋ ಯಾರಿಗೆ ಗೊತ್ತು? ಹುರುಪಿನಲ್ಲಿ ಎಫ್‌ಇ_ಆಲ್_ಎಕ್ಸೆಪ್ಟ್ ಎಂದು ಎಲ್ಲ ಫ್ಲ್ಯಾಗ್‌ಗಳನ್ನೂ ಪರೀಕ್ಷಿಸಲು ಹೋಗಿ ಮತ್ತೆ ಕೈಸುಟ್ಟುಕೊಂಡೆ. 0.1ಕ್ಕೆ 0.2 ಕೂಡಿಸಿದರೂ, ಉತ್ತರ ಕರಾರುವಾಕ್ಕಲ್ಲ, ದುಂಡಾಗಿಸಿದ್ದು ಎನ್ನುವ ಎಫ್‌ಇ_ಇನ್‌ಎಕ್ಸ್ಯಾಕ್ಟ್ ಏರುತ್ತದೆ. ಅದನ್ನು ತಪ್ಪೆಂದು ಎಣಿಸಿದರೆ ಯಾವ ಬ್ಯಾಚೂ ಉಳಿಯುವುದಿಲ್ಲ.

ವಾರದೊಳಗೆ ಸಹೋದ್ಯೋಗಿಯೊಬ್ಬರು ಬಂದು, "ನಿಮ್ಮ ಫಂಕ್ಷನ್ ಕರೆದ ಮೇಲೆ ನನ್ನ ಓವರ್‌ಫ್ಲೋ ಕಾಣೆಯಾಗುತ್ತಿದೆಯಲ್ಲ?" ಎಂದರು. ಹೌದು, ನನ್ನ ಫ್ಲ್ಯಾಗ್ ಜೊತೆಗೆ, ಉತ್ತರ ಮಿತಿಮೀರಿ ದೊಡ್ಡದಾದಾಗ ಏರುವ ಅವರ ಓವರ್‌ಫ್ಲೋ ಫ್ಲ್ಯಾಗನ್ನೂ ಒರೆಸಿಬಿಟ್ಟಿದ್ದೆ. ಒಂದು ಥ್ರೆಡ್‌ನಲ್ಲಿ (ಪ್ರೋಗ್ರಾಂ ಓಡುವ ಒಂದು ಎಳೆಯಲ್ಲಿ) ಓಡುವ ಎಲ್ಲ ಫಂಕ್ಷನ್‌ಗಳಿಗೂ ಈ ಫ್ಲ್ಯಾಗ್‌ಗಳು ಸಾಮೂಹಿಕ ಆಸ್ತಿ. ಈಗ ಫೆಹೋಲ್ಡ್‌ಎಕ್ಸೆಪ್ಟ್ ಕರೆಯುತ್ತೇನೆ: ಅದು ಹಳೆಯ ಸ್ಥಿತಿಯನ್ನು ತೆಗೆದಿಟ್ಟು ಫ್ಲ್ಯಾಗ್‌ಗಳನ್ನು ಇಳಿಸುತ್ತದೆ. ಲೆಕ್ಕ ಮುಗಿದ ಮೇಲೆ ಫೆಅಪ್‌ಡೇಟ್‌ಎನ್ವ್ ಹಳೆಯದನ್ನು ಮರಳಿಸಿ, ಹೊಸದಾಗಿ ಏರಿದ್ದನ್ನೂ ಅದಕ್ಕೆ ಸೇರಿಸುತ್ತದೆ.

ಇನ್ನೊಂದು ಕಾಟ, ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರಿನದು. ಕೋಡನ್ನು ವೇಗಗೊಳಿಸುವ ಆಪ್ಟಿಮೈಸೇಷನ್ ಹಾಕಿದ ದಿನ, ಅದು ಭಾಗಾಕಾರವನ್ನು ಪರೀಕ್ಷೆಯ ಸಾಲಿನ ಕೆಳಕ್ಕೆ ತಳ್ಳಿತ್ತು. ಹೀಗಾಗಬಾರದೆಂದೇ ಸಿ ಭಾಷೆಯ 1999ರ ಮಾನಕವಾದ ಸಿ99ರಲ್ಲಿ ಫೆನ್ವ್_ಆಕ್ಸೆಸ್ ಎಂಬ ಪ್ರಾಗ್ಮಾ (ಕಂಪೈಲರಿಗೆ ಕೊಡುವ ಸೂಚನೆ) ಇದೆ, ಆದರೆ ಜಿಸಿಸಿ ಎಂಬ ಕಂಪೈಲರ್ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಹಾಗಾಗಿ ಉತ್ತರವನ್ನು, ಕಂಪೈಲರ್ ಕೈಬಿಡಲಾಗದ ವೊಲಟೈಲ್ ವೇರಿಯಬಲ್‌ಗೆ ಬರೆಸಿ, ಆಮೇಲೆ ಫ್ಲ್ಯಾಗ್ ನೋಡುತ್ತೇನೆ. ಪಕ್ಕದಲ್ಲಿ "ಬೇಡದ ಸಾಲೆಂದು ತೆಗೆಯಬೇಡಿ" ಎಂಬ ಕಾಮೆಂಟ್ ಇದೆ. ಒಮ್ಮೆ ತೆಗೆದವನು ನಾನೇ.